ಅಡಗೂಲಜ್ಜಿಯ ಕಥೆಗಳೂ ಕ್ರೈಸ್ತಾರ್ಥವೂ

ಅಡಗೂಲಜ್ಜಿಯ ಕಥೆಗಳಲ್ಲಿ ಕ್ರೈಸ್ತಮತದ ತತ್ತ್ವಗಳು ಗೂಢವಾಗಿವೆಯೆಂದು ತೋರಿಸುವ ವ್ಯಾಖ್ಯಾನಕ್ರಮವೊಂದು ಪಾಶ್ಚಾತ್ಯರಲ್ಲಿ ಬಳಕೆಯಲ್ಲಿದೆ. ಹಿಮಶ್ವೇತೆಯೆಂಬ ರಾಜಕುಮಾರಿ ತಿಂದ ವಿಷದ ಸೇಬು ಆದಿಮಾತೆಯಾದ ಹವ್ವಳು ತಿಂದ ನಿಷಿದ್ಧಫಲವೆಂದೂ, ಗಾಜಿನ ಪೆಟ್ಟಿಗೆಯಲ್ಲಿ ಸತ್ತಂತೆ ಮಲಗಿದ್ದವಳು ಮರಳಿ ಕಣ್ದೆರೆಯುವುದು ಪುನರುತ್ಥಾನದ ಸಂಕೇತವೆಂದೂ ಅವರು ಹೇಳುವರು. ಆಂಗ್ಲ ವಿದ್ವಾಂಸನಾದ ಟೋಲ್ಕೀನನು 1939ರ ತನ್ನ ಉಪನ್ಯಾಸವನ್ನು ವಿಸ್ತರಿಸಿ 1947ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ವಿಪತ್ತಿನ ತುದಿಯಲ್ಲಿ ಅನಿರೀಕ್ಷಿತವಾಗಿ ಒದಗುವ ಮಂಗಳವೇ ಇಂಥ ಕಥೆಗಳ ಜೀವವೆಂದೂ, ಕ್ರಿಸ್ತಚರಿತೆಯಲ್ಲಿ ಆ ಮಂಗಳವು ಪುನರುತ್ಥಾನವೆಂದೂ ಪ್ರತಿಪಾದಿಸಿದನು.

ಈ ಕ್ರಮವು ಎಷ್ಟರಮಟ್ಟಿಗೆ ಗ್ರಾಹ್ಯವೆಂಬುದನ್ನು ಪರೀಕ್ಷಿಸಲು ಭಾರತೀಯ ಶಾಸ್ತ್ರಗಳಲ್ಲಿ ಒರೆಗಲ್ಲೊಂದುಂಟು. ತಾತ್ಪರ್ಯನಿರ್ಣಯಕ್ಕೆ ಉಪಕ್ರಮೋಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿಗಳೆಂಬ ಆರು ಲಿಂಗಗಳನ್ನು ಪೂರ್ವಾಚಾರ್ಯರು ಹೇಳಿರುವರು. ಇವು ಶ್ರುತಿವಾಕ್ಯಗಳಿಗಾಗಿ ಹೇಳಲ್ಪಟ್ಟವಾದರೂ, ಇವುಗಳಲ್ಲಿ ಉಪಸಂಹಾರ, ಅಭ್ಯಾಸ, ಫಲಗಳು ಕಥೆಗೂ ಚೆನ್ನಾಗಿ ಸಲ್ಲುವುವು.

ಕೆಂಪು ಕುಲಾವಿಯ ಬಾಲೆಯ ಕಥೆಯನ್ನು ತೆಗೆದುಕೊಳ್ಳಬಹುದು. ಗ್ರಿಮ್ ಸೋದರರ 1812ರ ಪಾಠದಲ್ಲಿ ಬೇಟೆಗಾರನು ತೋಳನ ಹೊಟ್ಟೆಯನ್ನು ಸೀಳಲು ಬಾಲೆಯೂ ಅಜ್ಜಿಯೂ ಜೀವಂತರಾಗಿ ಹೊರಬರುವರು. ಮೀನಿನ ಹೊಟ್ಟೆಯಲ್ಲಿ ಮೂರು ದಿನವಿದ್ದು ಬದುಕಿಬಂದ ಯೋನನನ್ನು ಇಲ್ಲಿ ಸ್ಮರಿಸುವವನನ್ನು ಆಕ್ಷೇಪಿಸುವಂತಿಲ್ಲ. ಆದರೆ ಫ್ರಾನ್ಸಿನ ಪೆರೋ ಎಂಬವನ 1697ರ ಪಾಠದಲ್ಲಿ ತೋಳನು ಬಾಲೆಯನ್ನು ನುಂಗುವಲ್ಲಿಗೆ ಕಥೆ ಮುಗಿಯುತ್ತದೆ. ಅಲ್ಲಿ ಪುನರುತ್ಥಾನಕ್ಕೆ ಎಡೆಯೇ ಇಲ್ಲ. ಕಥೆಯೊಂದೇ ಆದರೂ ಉಪಸಂಹಾರವು ಬೇರೆಯಾದಲ್ಲಿ ಅರ್ಥವೂ ಬೇರೆಯಾಗುವುದು.

ಈ ವಿಚಾರವು ಪಾಶ್ಚಾತ್ಯ ಕಥೆಗಳಿಗಷ್ಟೇ ಸೇರಿದುದಲ್ಲ. ಹೊಯ್ಸಳ ದಂಡನಾಯಕನಾದ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯವಿರುವ ಹರಿಹರದಲ್ಲಿಯೇ ಆರೋಗ್ಯಮಾತೆಯ ಕ್ಷೇತ್ರವೂ ಇದೆ. ಅಲ್ಲಿಯಾಗಲಿ, ನೆರೆಯ ದಾವಣಗೆರೆಯ ವಿನೋಬನಗರದಲ್ಲಿಯಾಗಲಿ, ಗೋವಿನ ಹಾಡನ್ನು ಕಲಿಯುವ ಕ್ರೈಸ್ತ ವಿದ್ಯಾರ್ಥಿಯೊಬ್ಬನು ಪುಣ್ಯಕೋಟಿಯಲ್ಲಿ ಕ್ರಿಸ್ತನನ್ನು ಕಂಡರೆ ಉಪಾಧ್ಯಾಯನು ಏನೆನ್ನಬೇಕು?

ಸಾದೃಶ್ಯವು ಅಲ್ಪವಲ್ಲ. ನಿರಪರಾಧಿಯಾದ ಹಸುವು ತಾನಾಗಿಯೇ ಮೃತ್ಯುವಿನ ಬಳಿಗೆ ನಡೆಯುತ್ತದೆ. ಶಿಲುಬೆಯ ಮೇಲಿದ್ದ ಯೇಸು ತಾಯಿಯನ್ನು ಶಿಷ್ಯನಿಗೆ ಒಪ್ಪಿಸಿದಂತೆ, ಕರುವನ್ನು ಒಡನಾಡಿ ಹಸುಗಳಿಗೆ ಒಪ್ಪಿಸುತ್ತದೆ. ಆದರೆ ಕ್ರೈಸ್ತರ ನಂಬುಗೆಯಂತೆ ಯೇಸುವಿನ ಮರಣವು ಪರರ ಪಾಪನಿವೃತ್ತಿಗಾಗಿ; ಪುಣ್ಯಕೋಟಿಯ ಗಮನವು ಕೊಟ್ಟ ಮಾತಿಗಾಗಿ. ಹಾಡಿನಲ್ಲಿ ಅಭ್ಯಾಸವೂ, ಎಂದರೆ ಮರಳಿ ಮರಳಿ ಹೇಳುವಿಕೆಯೂ, ಸತ್ಯಕ್ಕೇ ಮೀಸಲಾಗಿದೆ. ಫಲವನ್ನು ನೋಡಿದರಂತೂ ಇಲ್ಲಿ ಹಸುವು ಉಳಿದು ಹುಲಿಯು ಸಾಯುವುದು. ಈ ಕಥೆಯೇ ಪದ್ಮಪುರಾಣದಲ್ಲಿ ನಂದೆಯೆಂಬ ಗೋವಿನ ಕಥೆಯಾಗಿದೆ. ಅಲ್ಲಿ ಹುಲಿಯು ಶಾಪಗ್ರಸ್ತನಾದ ಪ್ರಭಂಜನನೆಂಬ ಅರಸು. ಗೋವಿನ ಸಂಗದಿಂದ ಅವನಿಗೆ ಶಾಪವಿಮೋಚನೆಯಾಗುವುದು. ಸಾಧುವಿನಿಂದ ಪಾಪಿಯ ಉದ್ಧಾರವೆಂಬ ಅರ್ಥಕ್ಕೆ ಆ ಸಂಸ್ಕೃತಪಾಠವು ಆಸ್ಪದವೀಯುತ್ತದೆ. ಕನ್ನಡದ ಅರ್ಬುತನಿಗಾದರೋ ಪಶ್ಚಾತ್ತಾಪವುಂಟು, ವಿಮೋಚನೆಯಿಲ್ಲ. ಸುವಾರ್ತೆಗಳಲ್ಲಿ ಅವನಿಗೆ ಹೋಲಿಕೆಯನ್ನು ಹುಡುಕುವುದಾದರೆ, ಅದು ಪಶ್ಚಾತ್ತಪ್ತನಾಗಿ ಪ್ರಾಣ ನೀಗಿಕೊಂಡ ಯೂದನೇ ಹೊರತು ಕ್ಷಮೆ ಪಡೆದ ಕಳ್ಳನಲ್ಲ.

ಆದುದರಿಂದ ಕಥೆಯ ತಾತ್ಪರ್ಯವನ್ನೂ ಓದುಗನ ಹೃದಯಸಂವಾದವನ್ನೂ ವಿಂಗಡಿಸುವುದು ಉಪಾಧ್ಯಾಯನ ಕರ್ತವ್ಯ. ವಿದ್ಯಾರ್ಥಿಗೆ ತೋರಿದ ಹೋಲಿಕೆಯು ಸಂವಾದ. ಅದನ್ನು ಅಲ್ಲಗಳೆದರೆ ರಸಾನುಭವಕ್ಕೆ ಹಾನಿ. ಅದನ್ನೇ ಕವಿಯ ಅಭಿಪ್ರಾಯವೆಂದು ಸ್ಥಾಪಿಸಿದರೆ ಕಾವ್ಯಕ್ಕೆ ಅನ್ಯಾಯ. ಈ ನಿಯಮವು ಕ್ರೈಸ್ತಾರ್ಥಕ್ಕೆ ಮಾತ್ರವಲ್ಲ, ವೇದಾಂತಾರ್ಥಕ್ಕೂ ಸಮಾನವಾಗಿ ಅನ್ವಯಿಸುವುದು: ಪುಣ್ಯಕೋಟಿಯನ್ನು ಜೀವಾತ್ಮನೆಂದೂ ಹುಲಿಯನ್ನು ಕಾಲನೆಂದೂ ಹೇಳಹೊರಡುವ ಪಂಡಿತನೂ, ಕಾಲನು ನಾಚಿ ಸಾಯುವುದೆಂತೆಂಬ ಪ್ರಶ್ನೆಗೆ ಮೊದಲು ಉತ್ತರ ಹೇಳಬೇಕಾಗುವುದು.