ಅಂಗಳದ ಹುಲ್ಲಿಗೆ ಎಷ್ಟು ಬ್ಯಾಟರಿ ಬೇಕು?



ಮನೆಗೆ ಹೊಸ ಯಂತ್ರ ಕೊಳ್ಳುವ ಮಾತು ಬಂದಾಗ, ಹಿರಿಯರು ವಿಜ್ಞಾನ ಓದುತ್ತಿರುವ ಮಗನನ್ನೋ ಮಗಳನ್ನೋ ಕರೆದು "ಇದರಾಗ ಯಾವುದು ಚಲೋ, ನೋಡಿ ಹೇಳು" ಎನ್ನುವುದು ನಮ್ಮಲ್ಲಿ ವಾಡಿಕೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಕಬ್ಬಿನ ನಡುವೆ ಬೆಳೆಯುವ ಹುಲ್ಲು ಕಳೆ. ಅದನ್ನು ಕಿತ್ತೊಗೆಯುವುದೇ ರೂಢಿ. ಆದರೂ ಮನೆಯ ಮುಂದೆ ನಾಲ್ಕು ಮಾರು ಹುಲ್ಲುಹಾಸು ಬೆಳೆಸುವ ಹವ್ಯಾಸ ಈ ಊರುಗಳ ಬಡಾವಣೆಗಳಿಗೂ ಬಂದಿದೆ. ಆ ಹಾಸನ್ನು ಸಮನಾಗಿ ಕತ್ತರಿಸಲು ತಂತಿಯಿಲ್ಲದೆ ಬ್ಯಾಟರಿಯಿಂದ ಓಡುವ ಯಂತ್ರವನ್ನು ತರಬೇಕೆಂದು ಮನೆಯವರು ಯೋಚಿಸಿದ್ದಾರೆ ಎನ್ನೋಣ. ಬೆಲೆ ಸಾವಿರಗಳಲ್ಲಿದೆ. ಆಯ್ಕೆ ತಪ್ಪಿದರೆ ಎರಡು ಮಳೆಗಾಲದೊಳಗೆ ಯಂತ್ರ ಮೂಲೆ ಸೇರುತ್ತದೆ. ನೀವು ಏನು ಹೇಳುತ್ತೀರಿ?

ಅಂಗಡಿಯಲ್ಲಿ ಎರಡು ಡಬ್ಬಗಳಿವೆ. ಒಂದರ ಮೇಲೆ 18 ವೋಲ್ಟ್, ಇನ್ನೊಂದರ ಮೇಲೆ ದಪ್ಪ ಅಕ್ಷರದಲ್ಲಿ 20 ವೋಲ್ಟ್ ಎಂದಿದೆ. ಎರಡನೆಯದೇ ಬಲಶಾಲಿ ಎಂದು ಯಾರಿಗಾದರೂ ಅನ್ನಿಸುತ್ತದೆ. ಡಬ್ಬ ಬರೆದವರ ಉದ್ದೇಶವೂ ಅದೇ. ಬ್ಯಾಟರಿಯನ್ನು ಬಿಚ್ಚಿ ನೋಡಿದರೆ (ಬಿಚ್ಚಬೇಡಿ, ಬೆಂಕಿಯ ಅಪಾಯವಿದೆ) ಒಳಗೆ ಎರಡರಲ್ಲಿಯೂ ಐದು ಲಿಥಿಯಂ-ಅಯಾನ್ ಕೋಶಗಳು ಸರಣಿಯಲ್ಲಿ ಕೂತಿರುತ್ತವೆ. ಇಂತಹ ಒಂದು ಕೋಶದ ಸರಾಸರಿ ವಿಭವಾಂತರ 3.6 ವೋಲ್ಟ್. ಐದು ಸೇರಿದರೆ 18. ಪೂರ್ತಿ ಚಾರ್ಜ್ ಆದ ಕ್ಷಣದಲ್ಲಿ ಅದೇ ಕೋಶ 4 ವೋಲ್ಟ್‌ಗಿಂತ ತುಸು ಹೆಚ್ಚು ತೋರಿಸುತ್ತದೆ. ಆಗ ಐದಕ್ಕೆ 20. ಕೆಲಸ ಶುರುವಾದ ಸ್ವಲ್ಪ ಹೊತ್ತಿನಲ್ಲಿಯೇ ಅದು ಇಳಿದು 18ರ ಆಸುಪಾಸಿಗೆ ಬರುತ್ತದೆ. ಬ್ಯಾಟರಿ ಒಂದೇ, ಹೆಸರು ಎರಡು. 36 ಮತ್ತು 40 ವೋಲ್ಟ್‌ಗಳ ಕಥೆಯೂ ಇದೇ. ಅಲ್ಲಿ ಹತ್ತು ಕೋಶಗಳ ಸರಣಿ ಇರುತ್ತದೆ.

ಇನ್ನೂ ಸ್ವಾರಸ್ಯದ ಸಂಗತಿ ಕೇಳಿ. ತಲಾ 2.5 ಆಂಪಿಯರ್-ಅವರ್‌ನ ಹತ್ತು ಕೋಶಗಳನ್ನು ತೆಗೆದುಕೊಳ್ಳಿ. ಐದೈದರ ಎರಡು ಸಾಲು ಮಾಡಿ, ಆ ಸಾಲುಗಳನ್ನು ಸಮಾಂತರವಾಗಿ ಜೋಡಿಸಿದರೆ 18 ವೋಲ್ಟ್, 5 ಆಂಪಿಯರ್-ಅವರ್. ಹತ್ತನ್ನೂ ಒಂದೇ ಸರಣಿಯಲ್ಲಿಟ್ಟರೆ 36 ವೋಲ್ಟ್, 2.5 ಆಂಪಿಯರ್-ಅವರ್. ಎರಡು ಸಂಖ್ಯೆಗಳನ್ನು ಗುಣಿಸಿ ನೋಡಿ. ಎರಡೂ ಕಡೆ 90 ವ್ಯಾಟ್-ಅವರ್. ಸಂಗ್ರಹವಾಗಿರುವ ಶಕ್ತಿಯ ಅಳತೆ ಈ ಗುಣಲಬ್ಧವೇ ಹೊರತು ವೋಲ್ಟ್ ಅಲ್ಲ. ಡಬ್ಬದ ಮೇಲೆ ಅದನ್ನು ಚಿಕ್ಕ ಅಕ್ಷರದಲ್ಲಿ ಬರೆದಿರುತ್ತಾರೆ, ಇಲ್ಲವೇ ಗುಣಿಸುವ ಕೆಲಸವನ್ನು ನಿಮಗೆ ಬಿಟ್ಟಿರುತ್ತಾರೆ.

ಹಾಗೆಂದು ಹೆಚ್ಚು ವೋಲ್ಟ್ ಬರೀ ಜಾಹೀರಾತು ಎನ್ನಲಾಗದು. 360 ವ್ಯಾಟ್ ಬೇಕಾದಾಗ 18 ವೋಲ್ಟ್‌ನಲ್ಲಿ 20 ಆಂಪಿಯರ್ ಹರಿಯಬೇಕು. 36 ವೋಲ್ಟ್‌ನಲ್ಲಿ 10 ಸಾಕು. ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾದ್ದರಿಂದ, ಅದೇ ತಂತಿಯಲ್ಲಿ ಶಾಖ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ದಟ್ಟ ಹುಲ್ಲಿನಲ್ಲಿ ಬಹಳ ಹೊತ್ತು ದುಡಿಯುವ ಯಂತ್ರಕ್ಕೆ ಇದರಿಂದ ಲಾಭವಿದೆ.

ಈಗ ಅಂಗಳಕ್ಕೆ ಬರೋಣ. ಯಂತ್ರದ ಅಲಗಿನ ಅಗಲ 33 ಸೆಂಟಿಮೀಟರ್ ಎನ್ನಿ. ಸಾಲಿಗೆ ಸಾಲು ಸ್ವಲ್ಪ ಮೇಲೆ ಬೀಳುವಂತೆ ಓಡಿಸಬೇಕಾದ್ದರಿಂದ ನಿಜವಾಗಿ ಸಿಗುವುದು 28. ಸೆಕೆಂಡಿಗೆ 0.8 ಮೀಟರ್ ವೇಗದಲ್ಲಿ ನಡೆದರೆ ಪ್ರತಿ ಸೆಕೆಂಡಿಗೆ 0.22 ಚದರ ಮೀಟರ್ ಹುಲ್ಲು ಕತ್ತರಿಸಿದಂತಾಯಿತು. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ಸುಮಾರು 101 ಚದರ ಮೀಟರ್. ಅದಕ್ಕೆ ಏಳೂವರೆ ನಿಮಿಷ. ತಿರುವು, ಚೀಲ ಖಾಲಿ ಮಾಡುವುದು ಎಲ್ಲ ಸೇರಿ ಹನ್ನೆರಡು ನಿಮಿಷ ಎನ್ನೋಣ. ಮೋಟಾರು ಸರಾಸರಿ 400 ವ್ಯಾಟ್ ಎಳೆದರೆ 90 ವ್ಯಾಟ್-ಅವರ್‌ನ ಬ್ಯಾಟರಿ ಹದಿಮೂರೂವರೆ ನಿಮಿಷ ಬರುತ್ತದೆ. ಗುಂಟೆಗೆ ಅಂತೂ ಸಾಕಾಯಿತು. ಒದ್ದೆ ಹುಲ್ಲಾದರೆ ಸಾಲದು.

ಆದರೆ 30 ಅಡಿಗೆ 40 ಅಡಿಯ ನಿವೇಶನದಲ್ಲಿ ಮನೆ ಕಟ್ಟಿ ಉಳಿಯುವ ಹುಲ್ಲಿನ ಜಾಗ ಎಷ್ಟು? 15 ಅಡಿಗೆ 20 ಅಡಿ ಉಳಿದರೆ ಅದೇ ದೊಡ್ಡದು. ಅದು ಗುಂಟೆಯ ಮೂರನೆಯ ಒಂದು ಭಾಗವೂ ಆಗುವುದಿಲ್ಲ. ಅದಕ್ಕೆ ಅತ್ಯಂತ ಚಿಕ್ಕ ಬ್ಯಾಟರಿಯೂ ಧಾರಾಳ. ಅಂಗಡಿಯವರು 40 ವೋಲ್ಟ್‌ನ ಜೋಡಿ ಬ್ಯಾಟರಿ ತೋರಿಸಿದರೆ ಕೈಮುಗಿದು ಬನ್ನಿ. ಮೊದಲು ಟೇಪು ಹಿಡಿದು ಅಂಗಳ ಅಳೆಯಿರಿ, ಆಮೇಲೆ ಅಂಗಡಿಗೆ ಹೋಗಿ.

ವಿದ್ಯುತ್ತಿನ ಖರ್ಚಿನ ಚಿಂತೆ ಬೇಡ. ಒಂದು ಸಲ ಚಾರ್ಜ್ ಮಾಡಲು ಯೂನಿಟ್ಟಿನ ಹತ್ತನೆಯ ಒಂದು ಭಾಗ ಸಾಕು. ನಿಜವಾದ ಖರ್ಚು ಬ್ಯಾಟರಿಯದು. ಕೆಲವು ವರ್ಷಗಳಲ್ಲಿ ಅದು ಸೋಲುತ್ತದೆ, ಆಗ ಹೊಸದನ್ನು ತರಬೇಕು. ಆದ್ದರಿಂದ ಯಂತ್ರದ ಬೆಲೆಯ ಜೊತೆಗೆ ಬಿಡಿ ಬ್ಯಾಟರಿಯ ಬೆಲೆಯನ್ನೂ ಅದು ಎಲ್ಲಿ ಸಿಗುತ್ತದೆ ಎಂಬುದನ್ನೂ ಮೊದಲೇ ಕೇಳಿ. ಮನೆಯಲ್ಲಿರುವ ಡ್ರಿಲ್ಲಿನ ಬ್ಯಾಟರಿ ಇದಕ್ಕೂ ಕೂರುವಂತಿದ್ದರೆ ಹಣ ಉಳಿಯಿತು. ಹಳೆಯದನ್ನು ಕಸದ ತೊಟ್ಟಿಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದರ ಹೊಣೆ ತಯಾರಕರದು.

ಬ್ಯಾಟರಿಯ ಆಯುಷ್ಯವನ್ನು ನಿಮ್ಮ ಕಡೆ ಬೇಗ ತಿನ್ನುವುದು ಬಿಸಿಲು. ಏಪ್ರಿಲ್-ಮೇ ತಿಂಗಳುಗಳಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ದಿನಗಳಿವೆ. ತಗಡಿನ ಶೆಡ್ಡಿನೊಳಗೆ ಇನ್ನೂ ಹೆಚ್ಚು. ಕೋಶದೊಳಗಿನ ಬೇಡದ ರಾಸಾಯನಿಕ ಕ್ರಿಯೆಗಳು ಶಾಖದಲ್ಲಿ ಚುರುಕಾಗುತ್ತವೆ, ಅದರಲ್ಲಿಯೂ ಪೂರ್ತಿ ಚಾರ್ಜ್ ಆಗಿದ್ದಾಗ. ನೀರಿಲ್ಲದ ಹುಲ್ಲು ಬೇಸಿಗೆಯಲ್ಲಿ ಹೇಗೂ ಒಣಗಿ ಮಲಗಿರುತ್ತದೆ. ಆ ತಿಂಗಳುಗಳಲ್ಲಿ ಬ್ಯಾಟರಿಯನ್ನು ಯಂತ್ರದಿಂದ ತೆಗೆದು, ಅರ್ಧ ಚಾರ್ಜಿನಲ್ಲಿ, ಮನೆಯೊಳಗೆ ತಂಪಾದ ಕೋಣೆಯಲ್ಲಿಡಿ. ಕೆಲಸ ಮುಗಿದ ತಕ್ಷಣ ಬಿಸಿ ಬ್ಯಾಟರಿಯನ್ನು ಚಾರ್ಜಿಗೆ ಹಾಕಿದರೆ ಒಳ್ಳೆಯ ಚಾರ್ಜರ್ ತಾನಾಗಿಯೇ ಕಾಯುತ್ತದೆ. ಅದು ಕೆಟ್ಟಿದೆ ಎಂದುಕೊಳ್ಳಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯ ಹೇಳುತ್ತೇನೆ. ಕಲ್ಲಿಲ್ಲದ, ಸಮತಟ್ಟಾದ, 300 ಚದರ ಅಡಿಯ ಹುಲ್ಲಿಗೆ ಬ್ಯಾಟರಿಯೇ ಬೇಡ. ಕೈಯಿಂದ ತಳ್ಳುವ ಉರುಳೆ ಯಂತ್ರ ಸಾಕು. ಗಾಲಿ ತಿರುಗಿದಂತೆ ಉರುಳೆಯ ಸುತ್ತಲಿನ ಬಾಗಿದ ಅಲಗುಗಳು ಕೆಳಗಿನ ಸ್ಥಿರ ಅಲಗಿಗೆ ತಾಗಿ ಕತ್ತರಿಯಂತೆ ಹುಲ್ಲನ್ನು ತುಂಡರಿಸುತ್ತವೆ. ಈ ಯಂತ್ರದ ಮೂಲವನ್ನು ರಬಕವಿ-ಬನಹಟ್ಟಿಯ ನೇಕಾರ ಮನೆಗಳ ಮಕ್ಕಳು ವಿಶೇಷವಾಗಿ ಗಮನಿಸಬೇಕು. ಇಂಗ್ಲೆಂಡಿನ ಸ್ಟ್ರೌಡ್ ಎಂಬ ಜವಳಿ ಊರಿನ ಬಳಿ ಎಡ್ವಿನ್ ಬಡ್ಡಿಂಗ್ ಎಂಬ ಕುಶಲಕರ್ಮಿ ಇದ್ದರು. ಅಲ್ಲಿನ ಗಿರಣಿಗಳಲ್ಲಿ ಉಣ್ಣೆ ಬಟ್ಟೆಯ ಮೇಲೆ ಎದ್ದ ಎಳೆಗಳನ್ನು ಸಮನಾಗಿ ಕತ್ತರಿಸುವ ಉರುಳೆಯಿತ್ತು. ಬಟ್ಟೆಯ ಮೇಲಿನ ಎಳೆ ಕತ್ತರಿಸುವ ಅಲಗು ನೆಲದ ಮೇಲಿನ ಹುಲ್ಲನ್ನೇಕೆ ಕತ್ತರಿಸಬಾರದು ಎಂದುಕೊಂಡು, ಅವರು 1830ರಲ್ಲಿ ಪೇಟೆಂಟ್ ಪಡೆದರು. ಮೊದಲ ಹುಲ್ಲು ಕತ್ತರಿಸುವ ಯಂತ್ರ ಹುಟ್ಟಿದ್ದು ಹೀಗೆ, ಜವಳಿ ಗಿರಣಿಯಿಂದ.

ಉರುಳೆಗೆ ಕಲ್ಲು ಆಗದು. ಗರಸು ಹಾಸಿದ ಅಂಗಳವಾದರೆ, ಅಥವಾ ಮಳೆಗಾಲದಲ್ಲಿ ವಾರಗಟ್ಟಲೆ ಬಿಟ್ಟು ಹುಲ್ಲು ಎತ್ತರ ಬೆಳೆದಿದ್ದರೆ, ತಿರುಗುವ ಅಲಗಿನ ಬ್ಯಾಟರಿ ಯಂತ್ರವೇ ಮೇಲು. ಎರೆಮಣ್ಣಿನ ಅಂಗಳದಲ್ಲಿ ಅಗಲ ಗಾಲಿಯದನ್ನು ಆರಿಸಿ. ಮಳೆ ನಿಂತು ಎರಡು ದಿನ ಕಳೆಯುವವರೆಗೆ ಹೊರಗೆ ತೆಗೆಯಬೇಡಿ, ಮಣ್ಣು ಗಾಲಿಗೆ ಮೆತ್ತಿಕೊಳ್ಳುತ್ತದೆ. ಗರಿಕೆ ಹುಲ್ಲಾದರೆ ಮೂರು-ನಾಲ್ಕು ಸೆಂಟಿಮೀಟರ್ ಎತ್ತರಕ್ಕೆ ನಿಲ್ಲಿಸಿ, ಒಂದು ಸಲಕ್ಕೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬೇಡಿ. ಇದೇ ಯಂತ್ರದಿಂದ ಹೊಲದ ಬದುವನ್ನೂ ಸವರಬಹುದು ಎಂದು ಮನೆಯವರು ಎಣಿಸಿದ್ದರೆ ಈಗಲೇ ತಡೆಯಿರಿ. ಬದುವಿಗೆ ಹೆಗಲಿಗೆ ಹಾಕಿಕೊಳ್ಳುವ ಬ್ರಷ್ ಕಟರ್ ಬೇರೆ ಇದೆ, ಕುಡುಗೋಲಂತೂ ಇದ್ದೇ ಇದೆ.

ಕಡೆಯದಾಗಿ ಒಂದು ಲೆಕ್ಕ. 33 ಸೆಂಟಿಮೀಟರ್ ಅಲಗು ನಿಮಿಷಕ್ಕೆ 3,500 ಸುತ್ತು ತಿರುಗಿದರೆ ಅದರ ತುದಿಯ ವೇಗ ಸೆಕೆಂಡಿಗೆ 60 ಮೀಟರ್, ಅಂದರೆ ಗಂಟೆಗೆ 200 ಕಿಲೋಮೀಟರಿಗೂ ಹೆಚ್ಚು. ಅದಕ್ಕೆ ಸಿಕ್ಕ ಕಲ್ಲಿನ ಚೂರು ಎಷ್ಟು ರಭಸದಿಂದ ಸಿಡಿಯಬಹುದೆಂದು ಊಹಿಸಿ. ಬರಿಗಾಲಲ್ಲಿ ಓಡಿಸಬೇಡಿ, ಶೂ ಹಾಕಿಕೊಳ್ಳಿ. ಚಿಕ್ಕ ಮಕ್ಕಳನ್ನು ಜಗಲಿಯ ಮೇಲೆ ಕೂರಿಸಿ. ಶುರು ಮಾಡುವ ಮೊದಲು ಅಂಗಳ ಗುಡಿಸಿ. ಬ್ಯಾಟರಿ ಯಂತ್ರ ಸದ್ದಿಲ್ಲದೆ ನಿಂತಿದ್ದರೂ ಗುಂಡಿ ಒತ್ತಿದ ಮರುಕ್ಷಣ ತಿರುಗುತ್ತದೆ. ಅಡಿಯಲ್ಲಿ ಸಿಕ್ಕಿಕೊಂಡ ಹುಲ್ಲನ್ನು ತೆಗೆಯುವ ಮೊದಲು ಸುರಕ್ಷಾ ಕೀಲಿಯನ್ನೂ ಬ್ಯಾಟರಿಯನ್ನೂ ಹೊರತೆಗೆದು ಜೇಬಿಗೆ ಹಾಕಿಕೊಳ್ಳಿ. ಆಮೇಲೂ ಕೈ ಹಾಕಬೇಡಿ, ಒಂದು ಕಡ್ಡಿಯಿಂದ ಕೆರೆಯಿರಿ.