ಅಡುಗೆಮನೆಗೊಂದು ಅನರ್ಥಕೋಶ

ಸೋದರಿಯರೇ, 'ನೆಲುವು' ಅಂದರೇನು ಅಂತ ಮಕ್ಕಳನ್ನು ಕೇಳಿ ನೋಡಿ, ಕಣ್ಣು ಕಣ್ಣು ಬಿಡುತ್ತಾರೆ. ಫ್ರಿಜ್ ಬಂತು, ನೆಲುವು ಹೋಯಿತು. ಅದರ ಹಿಂದೆಯೇ ಆ ಮಾತೂ ಹೊರಟಿತು. ಬರೀ ಅರ್ಥ ಹೇಳಿದರೆ ಮರೆಯುತ್ತಾರೆ, ನಗಿಸಿ ಹೇಳಿದರೆ ನೆನಪಿಟ್ಟುಕೊಳ್ಳುತ್ತಾರೆ.

ಈ ಉಪಾಯ ಹೊಸದೇನಲ್ಲ. ಅಮೆರಿಕದ ಆಂಬ್ರೋಸ್ ಬಿಯರ್ಸ್ 1911ರಲ್ಲಿ 'ದಿ ಡೆವಿಲ್ಸ್ ಡಿಕ್ಷನರಿ' ತಂದರು. ನಮ್ಮಲ್ಲಿ 'ಅನರ್ಥಕೋಶ' ಬರೆದವರು ನಾ. ಕಸ್ತೂರಿ. ಮನೆಮಾತು ಮಲಯಾಳ, ನಗಿಸಿದ್ದು ಕನ್ನಡಿಗರನ್ನು! ರಾಶಿಯವರು 1942ರಲ್ಲಿ ಶುರುಮಾಡಿದ 'ಕೊರವಂಜಿ'ಯಲ್ಲೂ ಅವರು ಬರೆದರು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಸೋದರಿಯರೇ, ನೀವೂ ಬರೆಯಬಹುದು. ಹೀಗೆ:

ನೆಲುವು: ಬೆಣ್ಣೆ ಗಡಿಗೆ ತೂಗುಹಾಕುವ ಹಗ್ಗದ ಸಾಧನ, ಬೆಕ್ಕಿಗೆ ನೆಗೆತ ಕಲಿಸುವ ಗುರು. ಉದಾ: ಸೊಸೆಗೂ ಎಟುಕದಂತೆ ಅತ್ತೆ ನೆಲುವಿನಲ್ಲಿ ಕಾಪಾಡಿದ ಬೆಣ್ಣೆ, ಅತ್ತೆಯ ವೈಕುಂಠ ಸಮಾರಾಧನೆಗೆ ತುಪ್ಪವಾಯಿತು.

ಹಗೇವು: ಕಾಳು ತುಂಬಿಡುವ ನೆಲದೊಳಗಿನ ಕಣಜ, ಕಾಳನ್ನು ಕಾಯುತ್ತದೆ, ಆತುರಗಾರನನ್ನಲ್ಲ. ಉದಾ: "ಒಳಗೆ ಕೆಟ್ಟ ಗಾಳಿ ಇರ್ತದೆ, ಮೊದಲು ದೀಪ ಇಳಿಸಿ ನೋಡ್ರಿ" ಅಂದ ಹೆಂಡತಿ ಮಾತು ಕೇಳದೆ ಇಳಿದ ಯಜಮಾನರು, ಅಂದು ಮೊದಲ ಸಲ ಎದುರುತ್ತರ ಕೊಡಲಿಲ್ಲ.

ಅಡಕಲು: ಗಡಿಗೆ ಮೇಲೆ ಗಡಿಗೆ, ಬೇಕಾದದ್ದು ಯಾವಾಗಲೂ ತಳದಲ್ಲಿ. ಉದಾ: ದುಡ್ಡಿಟ್ಟ ಗಡಿಗೆ ಯಾವುದೆಂದು ಹೇಳುವ ಮೊದಲೇ ಅಜ್ಜಿ ಕಣ್ಮುಚ್ಚಿದರು, ಮಕ್ಕಳು ಅಡಕಲು ಇಳಿಸಿದ ಮೇಲೆ ಅತ್ತರು.

ಗುಟ್ಟು ಇಷ್ಟೇ: ಅರ್ಥ ನಿಜವಿರಲಿ, ಬಾಲದಲ್ಲಿ ಚುರುಕಿರಲಿ, ಉದಾಹರಣೆಯಲ್ಲಿ ಯಾರ ಹೆಸರೂ ಬೇಡ. ಎದುರಾಡಲಾಗದ ಎಷ್ಟೋ ಮಾತು ಇಲ್ಲಿ ನಗುತ್ತಲೇ ಹೊರಬರುತ್ತವೆ. ಉಪ್ಪಿನಕಾಯಿ ಅಳತೆ ಬರೆದಿಟ್ಟ ಪುಸ್ತಕದಲ್ಲೇ ದಿನಕ್ಕೊಂದು ಬರೆಯಿರಿ. ಅಜ್ಜಿ ಇರುವಾಗಲೇ ಕೇಳಿಕೊಳ್ಳಿ. ಆಮೇಲೆ ಅರ್ಥವೂ ಸಿಗದು, ಅನರ್ಥವೂ ಸಿಗದು.