ಹಳೆಯ ಟೈರಿಗೆ ಬದಲು ಹೊಸದು: ಕೊಳ್ಳುವ ಮುನ್ನ ಓದಬೇಕಾದ ಅಂಕಿಗಳು

ಬೇಸಿಗೆಯ ರಜೆ ಆರಂಭವಾಗುತ್ತಿದ್ದಂತೆ ಮುಂಬಯಿ, ಪುಣೆ ನಗರಗಳಲ್ಲಿ ನೆಲೆಸಿರುವ ಅನೇಕ ಕನ್ನಡ ಕುಟುಂಬಗಳು ತಮ್ಮ ವಾಹನಗಳಲ್ಲಿಯೇ ಊರಿಗೆ ಹೊರಡುತ್ತವೆ. ವರ್ಷದ ಬಹುಭಾಗ ಮನೆಯ ಕೆಳಗೆ ನಿಂತಿದ್ದು, ಭಾನುವಾರಗಳಂದು ಮಾತ್ರ ಪೇಟೆಗೋ ದೇವಾಲಯಕ್ಕೋ ಹೋಗಿಬರುತ್ತಿದ್ದ ಕಾರು, ಆ ದಿನ ಐದು ಜನರನ್ನೂ ಅವರ ಗಂಟುಮೂಟೆಗಳನ್ನೂ ಹೊತ್ತು, ಸಾತಾರಾ, ಕೊಲ್ಹಾಪುರ, ನಿಪ್ಪಾಣಿಗಳನ್ನು ದಾಟಿ ಬೆಳಗಾವಿಯತ್ತ ಮೇ ತಿಂಗಳ ಬಿಸಿಲಿನಲ್ಲಿ ಗಂಟೆಗಟ್ಟಲೆ ಓಡಬೇಕಾಗುತ್ತದೆ. ಹೊರಡುವ ಮುನ್ನ ಎಂಜಿನ್ನಿನ ಎಣ್ಣೆ, ಬ್ರೇಕು, ಬ್ಯಾಟರಿಗಳನ್ನು ಮೆಕ್ಯಾನಿಕ್‌ಗೆ ತೋರಿಸುವುದುಂಟು. ಟೈರುಗಳ ವಿಷಯದಲ್ಲಿ ಮಾತ್ರ ‘ಇನ್ನೂ ಸವೆದಿಲ್ಲ’ ಎಂಬ ಒಂದು ಮಾತಿನಿಂದಲೇ ಸಮಾಧಾನ ಪಡುವವರು ಹೆಚ್ಚು. ಆದರೆ ಇಡೀ ವಾಹನವು ನೆಲವನ್ನು ಮುಟ್ಟುವುದು ಪ್ರತಿಯೊಂದು ಚಕ್ರದಡಿಯ ಅಂಗೈಯಗಲದ ರಬ್ಬರಿನಿಂದ ಮಾತ್ರ. ಬ್ರೇಕು ಎಷ್ಟೇ ಸಮರ್ಥವಾಗಿದ್ದರೂ ವಾಹನವನ್ನು ಕೊನೆಗೆ ನಿಲ್ಲಿಸುವುದು ಆ ಅಂಗೈಯಗಲದ ಹಿಡಿತವೇ.

ಬದಲಾಯಿಸುವ ಕಾಲ

ಟೈರಿನ ಮೇಲ್ಮೈಯಲ್ಲಿರುವ ಗೀರುಗಳ ಆಳವನ್ನು ಕೇಂದ್ರ ಮೋಟಾರು ವಾಹನ ನಿಯಮಗಳ 94ನೆಯ ನಿಯಮವು ನಿರ್ದಿಷ್ಟಪಡಿಸಿದೆ. ಕಾರು ಮೊದಲಾದ ವಾಹನಗಳಲ್ಲಿ ಈ ಆಳವು 1.6 ಮಿಲಿಮೀಟರಿಗಿಂತಲೂ, ದ್ವಿಚಕ್ರ ಹಾಗೂ ತ್ರಿಚಕ್ರ ವಾಹನಗಳಲ್ಲಿ 0.8 ಮಿಲಿಮೀಟರಿಗಿಂತಲೂ ಕಡಿಮೆ ಇರಕೂಡದು. ಅಳೆಯಲು ಉಪಕರಣವೇನೂ ಬೇಕಿಲ್ಲ. ಗೀರುಗಳ ತಳದಲ್ಲಿ ಅಲ್ಲಲ್ಲಿ ಅಡ್ಡಲಾಗಿ ಚಿಕ್ಕ ದಿಬ್ಬಗಳಿರುತ್ತವೆ. ಸವೆದ ರಬ್ಬರು ಈ ದಿಬ್ಬಗಳ ಮಟ್ಟಕ್ಕೆ ಇಳಿದಿದ್ದರೆ ಆ ಟೈರಿನ ಕಾಲ ಮುಗಿಯಿತೆಂದೇ ಅರ್ಥ. ಇದು ಕಾನೂನು ಹೇಳುವ ಕನಿಷ್ಠ ಮಿತಿ. ಕೊಂಕಣದಂಥ ಮಳೆಯ ನಾಡಿನಲ್ಲಿ ಸಂಚರಿಸುವವರು 3 ಮಿಲಿಮೀಟರಿನಷ್ಟಿರುವಾಗಲೇ ಹೊಸ ಟೈರಿನ ಯೋಚನೆ ಮಾಡುವುದು ವಿವೇಕ. ಗೀರುಗಳಿರುವುದು ಅಲಂಕಾರಕ್ಕಲ್ಲ, ಟೈರಿನಡಿಯ ನೀರನ್ನು ಹೊರಗೆ ಸಾಗಿಸುವುದು ಅವುಗಳ ಕೆಲಸ. ಆ ಕೆಲಸ ನಿಂತಾಗ ಟೈರು ನೀರಿನ ಪದರದ ಮೇಲೆ ತೇಲುತ್ತದೆ. ಆಗ ಸ್ಟಿಯರಿಂಗನ್ನು ತಿರುಗಿಸಿದರೂ ವಾಹನ ತಿರುಗದು.

ನಾಗಪುರ–ಮುಂಬಯಿ ಸಮೃದ್ಧಿ ಮಹಾಮಾರ್ಗದ ಮೊದಲ ಭಾಗವು 2022ರ ಡಿಸೆಂಬರಿನಲ್ಲಿ ಸಂಚಾರಕ್ಕೆ ತೆರೆಯಿತು. ಮರುವರ್ಷವೇ ಮಹಾರಾಷ್ಟ್ರದ ಸಾರಿಗೆ ಅಧಿಕಾರಿಗಳು ಅಲ್ಲಿ ಟೈರುಗಳನ್ನು ತಪಾಸಣೆ ಮಾಡಿ, ಬೋಳಾದ ಟೈರುಗಳುಳ್ಳ ವಾಹನಗಳನ್ನು ತಡೆಯುವ ಕ್ರಮವನ್ನು ಕೈಗೊಳ್ಳಬೇಕಾಯಿತು.

ಸವೆತ ಕಣ್ಣಿಗೆ ಕಾಣುತ್ತದೆ, ವಯಸ್ಸು ಕಾಣುವುದಿಲ್ಲ. ಮೇಲೆ ಹೇಳಿದಂತೆ ವರ್ಷದಲ್ಲಿ ಮೂರು ನಾಲ್ಕು ಸಾವಿರ ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ನಿಜವಾದ ಅಪಾಯವಿರುವುದು ಇಲ್ಲಿಯೇ. ಗೀರುಗಳು ಆಳವಾಗಿಯೇ ಉಳಿದಿರುತ್ತವೆ, ರಬ್ಬರು ಮಾತ್ರ ಬಿಸಿಲು ಗಾಳಿಗಳಿಗೆ ಗಡುಸಾಗಿ, ಒಳಗಿನ ಪದರಗಳ ನಡುವಿನ ಬೆಸುಗೆ ಸಡಿಲಗೊಂಡಿರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ಅದು 3719 ಎಂದಿದ್ದರೆ, ಆ ಟೈರು 2019ನೆಯ ಇಸವಿಯ 37ನೆಯ ವಾರದಲ್ಲಿ ತಯಾರಾಯಿತೆಂದು ತಿಳಿಯಬೇಕು. ಐದು ವರ್ಷಗಳಾದ ಮೇಲೆ ವರ್ಷಕ್ಕೊಮ್ಮೆ ತಜ್ಞರಿಂದ ಪರೀಕ್ಷೆ ಮಾಡಿಸಬೇಕೆಂದೂ, ಹತ್ತು ವರ್ಷಗಳಾದ ಮೇಲೆ ಎಷ್ಟೇ ಚೆನ್ನಾಗಿ ಕಂಡರೂ ಬಳಸಬಾರದೆಂದೂ ಪ್ರಮುಖ ತಯಾರಕರು ಸಲಹೆ ನೀಡುತ್ತಾರೆ. ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿಗೂ ಈ ಮಾತು ಅನ್ವಯಿಸುತ್ತದೆ. ಪಕ್ಕದ ಗೋಡೆಯಲ್ಲಿ ಉಬ್ಬು, ಬಿರುಕು ಅಥವಾ ಕೊಯ್ತ ಕಂಡುಬಂದಲ್ಲಿ ವಯಸ್ಸನ್ನು ಎಣಿಸುತ್ತ ಕೂರಬೇಕಾಗಿಲ್ಲ. ಆ ಭಾಗಕ್ಕೆ ದುರಸ್ತಿಯೆಂಬುದೇ ಇಲ್ಲ.

ಪಕ್ಕದ ಗೋಡೆಯ ಬರಹ

ಟೈರಿನ ಮೇಲೆ 165/80 ಆರ್ 14 85 ಟಿ ಎಂಬಂಥ ಬರಹವಿರುವುದನ್ನು ಎಲ್ಲರೂ ನೋಡಿರುತ್ತಾರೆ, ಓದಿದವರು ಕಡಿಮೆ. ಇದರಲ್ಲಿ 165 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 80 ಎಂಬುದು ಪಕ್ಕದ ಗೋಡೆಯ ಎತ್ತರ; ಅದು ಅಗಲದ ಶೇಕಡಾ 80ರಷ್ಟು, ಅಂದರೆ 132 ಮಿಲಿಮೀಟರು. ಆರ್ ಎಂದರೆ ರೇಡಿಯಲ್ ರಚನೆ. 14 ಎಂಬುದು ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. ಮುಂದಿನ 85 ಎಂಬುದು ಹೊರೆಯ ಸೂಚ್ಯಂಕ. ಒಂದು ಟೈರು 515 ಕಿಲೋಗ್ರಾಂ ಭಾರವನ್ನು ಹೊರಬಲ್ಲದೆಂದು ಇದರರ್ಥ. ಕೊನೆಯ ಟಿ ಅಕ್ಷರವು ವೇಗದ ಮಿತಿಯನ್ನು ತಿಳಿಸುತ್ತದೆ. ಟಿ ಎಂದರೆ ಗಂಟೆಗೆ 190 ಕಿಲೋಮೀಟರ್, ಎಸ್ ಎಂದರೆ 180, ಎಚ್ ಎಂದರೆ 210.

ಇವುಗಳಲ್ಲಿ ಹೊರೆಯ ಸೂಚ್ಯಂಕವೇ ಅತ್ಯಂತ ಹೆಚ್ಚು ಅಲಕ್ಷ್ಯಕ್ಕೆ ಗುರಿಯಾದುದು. ಒಂದು ಉದಾಹರಣೆಯನ್ನು ಪರಿಶೀಲಿಸೋಣ. ಮೇಲಿನ ಅಳತೆಯ ಟೈರು ಅಂಗಡಿಯಲ್ಲಿ ದಾಸ್ತಾನಿಲ್ಲ. ‘ರಿಮ್ಮು ಅದೇ ಹದಿನಾಲ್ಕು, ಅಗಲವೂ ಅದೇ, ಬೆಲೆಯೂ ಕಡಿಮೆ’ ಎನ್ನುತ್ತ ವರ್ತಕರು 165/65 ಆರ್ 14 79 ಟಿ ಟೈರನ್ನು ಮುಂದಿಡುತ್ತಾರೆ. ಅದು ರಿಮ್ಮಿಗೆ ಸರಿಯಾಗಿಯೇ ಕೂರುತ್ತದೆ. ಆದರೆ ಚಕ್ರದ ಒಟ್ಟು ವ್ಯಾಸವು ಸುಮಾರು 620 ಮಿಲಿಮೀಟರಿನಿಂದ 570ಕ್ಕೆ ಇಳಿಯುತ್ತದೆ. ಕಾರು ನೆಲಕ್ಕೆ 25 ಮಿಲಿಮೀಟರಿನಷ್ಟು ಹತ್ತಿರವಾಗುತ್ತದೆ. ನಮ್ಮ ರಸ್ತೆಗಳ ಉಬ್ಬುಗಳನ್ನು ಬಲ್ಲವರಿಗೆ ಇದರ ಪರಿಣಾಮವನ್ನು ವಿವರಿಸಬೇಕಿಲ್ಲ. ವಾಹನ 80 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಮೀಟರು 87ರಷ್ಟು ಹೆಚ್ಚಾಗಿ ತೋರಿಸುತ್ತದೆ. ಇವೆಲ್ಲಕ್ಕಿಂತ ಮುಖ್ಯವಾಗಿ, ಸೂಚ್ಯಂಕ 79 ಎಂದರೆ ಒಂದು ಟೈರಿಗೆ 437 ಕಿಲೋಗ್ರಾಂ. ನಾಲ್ಕು ಚಕ್ರಗಳು ಸೇರಿ 2060 ಕಿಲೋಗ್ರಾಂ ಇದ್ದ ಸಾಮರ್ಥ್ಯವು 1748ಕ್ಕೆ ಕುಸಿಯುತ್ತದೆ. ಒಬ್ಬರೇ ಕಚೇರಿಗೆ ಹೋಗಿಬರುವಾಗ ಈ 312 ಕಿಲೋಗ್ರಾಂ ಕೊರತೆಯು ಗಮನಕ್ಕೆ ಬಾರದು. ಕುಟುಂಬ ಸಮೇತ ಊರಿಗೆ ಹೊರಟ ದಿನ ಅದು ಲೆಕ್ಕಕ್ಕೆ ಬರುತ್ತದೆ.

ಆದುದರಿಂದ ಅಂಗಡಿಗೆ ಹೋಗುವ ಮುನ್ನ ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯನ್ನಾಗಲೀ ವಾಹನದ ಕೈಪಿಡಿಯನ್ನಾಗಲೀ ನೋಡಿ, ಟೈರಿನ ಅಳತೆ, ಸೂಚ್ಯಂಕ, ವೇಗದ ಅಕ್ಷರಗಳನ್ನು ಬರೆದುಕೊಳ್ಳಬೇಕು. ಹಳೆಯ ಟೈರಿನಿಂದ ನಕಲು ಮಾಡಿಕೊಂಡರೆ ಸಾಲದು. ಕಾರು ಎರಡನೆಯ ಕೈಯದಾಗಿದ್ದರೆ ಹಿಂದಿನ ಮಾಲೀಕರೇ ತಪ್ಪು ಟೈರು ಹಾಕಿಸಿರಬಹುದು. ಸೂಚ್ಯಂಕವೂ ವೇಗದ ಅಕ್ಷರವೂ ಚೀಟಿಯಲ್ಲಿರುವುದಕ್ಕಿಂತ ಮೇಲಿನವಾಗಿದ್ದರೆ ಬಾಧಕವಿಲ್ಲ, ಕೆಳಗಿನವು ಸಲ್ಲವು. ನೋಟಕ್ಕಾಗಿ ಅಗಲದ ಟೈರನ್ನು ಬಯಸುವವರು ಅದೇ ಮಾದರಿಯ ಮೇಲ್ದರ್ಜೆಯ ಕಾರಿಗೆ ತಯಾರಕರೇ ಕೊಡುವ ಅಳತೆಯನ್ನು, ಅದಕ್ಕೆ ತಕ್ಕ ರಿಮ್ಮಿನೊಡನೆ ಆರಿಸಿಕೊಳ್ಳುವುದು ಲೇಸು. ವಿದ್ಯುತ್ ವಾಹನಗಳು ಬ್ಯಾಟರಿಯ ಕಾರಣ ಹೆಚ್ಚು ತೂಗುವುದರಿಂದ, ಅದೇ ಗಾತ್ರದ ಪೆಟ್ರೋಲ್ ಕಾರಿನ ಟೈರು ಅವುಗಳಿಗೆ ಸಾಲದೆ ಹೋಗಬಹುದು. ದ್ವಿಚಕ್ರ ವಾಹನಗಳ ಮುಂದಿನ ಟೈರು ಹಿಂದಿನದರಿಂದ ಭಿನ್ನವಾಗಿರುವುದು ಸಾಮಾನ್ಯ. ಒಂದನ್ನು ಇನ್ನೊಂದರ ಜಾಗಕ್ಕೆ ಹಾಕಲಾಗದು.

ಎರಡನ್ನೇ ಕೊಳ್ಳುವುದಾದರೆ

ನಾಲ್ಕನ್ನೂ ಒಟ್ಟಿಗೆ ಕೊಳ್ಳುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಎರಡನ್ನು ಕೊಂಡಾಗ ಅವು ಒಂದೇ ತಯಾರಕರ, ಒಂದೇ ಮಾದರಿಯವಾಗಿರಬೇಕು, ಒಂದೇ ಅಚ್ಚಿನ ಎರಡು ಬದಿಗಳಲ್ಲಿರಬೇಕು. ಎಂಜಿನ್ನು ಮುಂದಿನ ಚಕ್ರಗಳನ್ನು ತಿರುಗಿಸುವ ಕಾರಿನಲ್ಲಿ ಹೊಸ ಟೈರುಗಳನ್ನು ಮುಂದೆಯೇ ಹಾಕಬೇಕೆಂಬ ತಿಳಿವಳಿಕೆ ವ್ಯಾಪಕವಾಗಿದೆ. ಅನೇಕ ಅಂಗಡಿಗಳಲ್ಲಿಯೂ ಹಾಗೆಯೇ ಹೇಳುತ್ತಾರೆ. ಇದು ಸರಿಯಲ್ಲ. ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರಗಳು ಹಿಡಿತ ತಪ್ಪಿದರೆ ಕಾರು ನೇರವಾಗಿ ಸಾಗುತ್ತದೆ. ವೇಗ ತಗ್ಗಿಸಿದಾಗ ಚಾಲಕನ ಹತೋಟಿಗೆ ಮರಳುವ ಸಂಭವವಿದೆ. ಹಿಂದಿನ ಚಕ್ರಗಳು ಹಿಡಿತ ತಪ್ಪಿದರೆ ಕಾರಿನ ಹಿಂಭಾಗವೇ ಬೀಸಿ ತಿರುಗಿಬಿಡುತ್ತದೆ. ನುರಿತ ಚಾಲಕರಿಗೂ ಅದನ್ನು ಸರಿಪಡಿಸುವುದು ಕಷ್ಟ. ಆದುದರಿಂದ ಹೊಸ ಜೋಡಿ ಹಿಂದಕ್ಕೆ, ಉಳಿದ ಒಳ್ಳೆಯ ಜೋಡಿ ಮುಂದಕ್ಕೆ.

ಅಂಗಡಿಯಲ್ಲಿ

ಟೈರುಗಳಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್‌ಐ ಗುರುತನ್ನು 2009ರ ಗುಣಮಟ್ಟ ನಿಯಂತ್ರಣ ಆದೇಶವು ಕಡ್ಡಾಯಗೊಳಿಸಿದೆ. ಗುರುತಿನೊಡನೆ ಇರುವ ಪರವಾನಗಿ ಸಂಖ್ಯೆಯನ್ನು ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ತಾಳೆ ನೋಡಬಹುದು. ತಯಾರಿಕೆಯ ವಾರವನ್ನು ಟೈರು ರಿಮ್ಮಿಗೆ ಏರುವ ಮುನ್ನವೇ ಓದಿಕೊಳ್ಳಬೇಕು. ಗೋದಾಮಿನಲ್ಲಿ ಎರಡು ಮೂರು ವರ್ಷ ಕಳೆದ ಟೈರಿಗೆ ರಿಯಾಯಿತಿಯ ಆಮಿಷ ತೋರಿಸಿದರೆ, ಕಡಿಮೆ ಓಡಾಟವಿರುವವರು ಅದನ್ನು ನಿರಾಕರಿಸುವುದು ಒಳ್ಳೆಯದು. ಅವರ ಟೈರು ಸವೆಯುವ ಮೊದಲೇ ಮುದಿಯಾಗುವಂಥದು. ನಗರಗಳ ಹಳೆಯ ಟೈರುಗಳ ಪೇಟೆಯಲ್ಲಿ ಸವೆದ ರಬ್ಬರನ್ನು ಕೊರೆದು, ಹೊಸ ಗೀರುಗಳನ್ನು ತೆಗೆದು, ಕಪ್ಪು ಬಣ್ಣ ಬಳಿದು ಮಾರುವುದುಂಟು. ಕೊರೆದಷ್ಟೂ ಒಳಗಿನ ತಂತಿಗಳ ಮೇಲಿನ ಹೊದಿಕೆ ತೆಳುವಾಗುತ್ತದೆ. ಕಾರಿಗೆ ಇಂಥ ಟೈರನ್ನು ಯಾವ ಬೆಲೆಗೂ ಕೊಳ್ಳಕೂಡದು.

ಹಳೆಯ ಟೈರು ಹೇಗೆ ಸವೆದಿದೆ ಎಂಬುದನ್ನೂ ಅಲ್ಲಿಯೇ ನೋಡಿಕೊಳ್ಳಬೇಕು. ಎರಡು ಅಂಚುಗಳು ಸವೆದಿದ್ದರೆ ಗಾಳಿ ಕಡಿಮೆ ಇತ್ತು, ನಡುಭಾಗ ಸವೆದಿದ್ದರೆ ಹೆಚ್ಚಾಗಿತ್ತು, ಒಂದೇ ಅಂಚು ಸವೆದಿದ್ದರೆ ಚಕ್ರಗಳ ಅಲೈನ್‌ಮೆಂಟ್ ತಪ್ಪಿತ್ತು. ಈ ದೋಷವನ್ನು ಸರಿಪಡಿಸದೆ ಹೊಸ ಟೈರು ಹಾಕಿಸಿದರೆ ಅದಕ್ಕೂ ಅದೇ ಗತಿ. ಬ್ಯಾಲೆನ್ಸಿಂಗ್ ಹಾಗೂ ಹೊಸ ರಬ್ಬರ್ ವಾಲ್ವ್‌ಗಳಿಗೆ ತಗಲುವ ವೆಚ್ಚ ಅಲ್ಪ. ನೈಟ್ರೋಜನ್ ತುಂಬಿಸಬೇಕೆಂಬ ಒತ್ತಾಯಕ್ಕೆ ಅಷ್ಟೇನೂ ಮಣಿಯಬೇಕಾಗಿಲ್ಲ, ನಾವು ಉಸಿರಾಡುವ ಗಾಳಿಯಲ್ಲಿಯೇ ಅದು ಶೇಕಡಾ 78ರಷ್ಟಿದೆ. ಗಾಳಿಯ ಒತ್ತಡವನ್ನು ತಿಂಗಳಿಗೊಮ್ಮೆ, ಟೈರು ತಣ್ಣಗಿರುವಾಗ ಪರೀಕ್ಷಿಸುವುದೇ ಮುಖ್ಯ. ಗಾಳಿ ಕಡಿಮೆಯಿದ್ದಾಗ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಕಾವೇರುತ್ತದೆ. ಹೆದ್ದಾರಿಯಲ್ಲಿ ಟೈರು ಸಿಡಿಯಲು ಹಲವೊಮ್ಮೆ ಈ ಕಾವೇ ಕಾರಣ. ತುಂಬಿದ ಕಾರಿಗೆ ಎಷ್ಟು ಒತ್ತಡ ಬೇಕೆಂಬುದು ಬಾಗಿಲಿನ ಅದೇ ಚೀಟಿಯಲ್ಲಿ ಪ್ರತ್ಯೇಕವಾಗಿ ನಮೂದಾಗಿರುತ್ತದೆ.

ಬಿಲ್ಲಿನಲ್ಲಿ ಪ್ರತಿಯೊಂದು ಟೈರಿನ ಕ್ರಮಸಂಖ್ಯೆಯನ್ನು ಬರೆಸಿಕೊಂಡರೆ ಮುಂದೆ ದೋಷ ಕಂಡುಬಂದಾಗ ವಾರಂಟಿ ಕೇಳಲು ಆಧಾರವಿರುತ್ತದೆ. ವರ್ತಕರು ಸ್ಪಂದಿಸದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು. ಕಳಚಿದ ಹಳೆಯ ಟೈರುಗಳನ್ನು ಮನೆಗೆ ತಂದು ತಾರಸಿಯಲ್ಲಿ ಇಡುವುದು ಬೇಡ. ಅದರೊಳಗೆ ನಿಲ್ಲುವ ಮಳೆನೀರು ಡೆಂಗ್ಯೂ ಹರಡುವ ಸೊಳ್ಳೆಗೆ ಅಚ್ಚುಮೆಚ್ಚಿನ ನೆಲೆ. ಅಂಗಡಿಯಲ್ಲಿಯೇ ಬಿಡುವುದಾದರೆ, ಪಕ್ಕದ ಗೋಡೆಯನ್ನು ತಮ್ಮ ಎದುರಿನಲ್ಲಿಯೇ ಕತ್ತರಿಸುವಂತೆ ಕೇಳಬಹುದು. ಹಾಗೆ ಕತ್ತರಿಸಿದ ಟೈರು ಬಣ್ಣ ಬಳಿಸಿಕೊಂಡು ಮತ್ತೊಬ್ಬರ ಕಾರಿಗೆ ಏರಲಾರದು.